ಹಿತ್ತಿಲ ಬಾಗಿಲ ಮುಂದಿನ ಚಾಪೆಗಳು

ಚರ್ಚಿನಲ್ಲಿ ಕರ್ತನ ಭೋಜನಕ್ಕಿಡುವ ಬೆಳ್ಳಿ ಬಟ್ಟಲು ಕಪ್ಪಾಗುತ್ತಿರುವುದನ್ನು ಮೊದಲು ಗಮನಿಸಿದವರು ಪಾದ್ರಿಗಳ ಹೆಂಡತಿ, ಪಾದ್ರಮ್ಮ ಲೆಸಿಯೆಲಿ. ಶನಿವಾರ ಸಂಜೆ ತಿಕ್ಕಿ ಹೊಳೆಯುವ ಹಾಗೆ ಮಾಡಿಟ್ಟರೆ, ಭಾನುವಾರ ಆರಾಧನೆಯ ಹೊತ್ತಿಗೆ ಅಂಚಿನ ಸುತ್ತ ಹೊಗೆ ಹಿಡಿದಂತೆ ಮಂಕು ಕವಿದಿರುತ್ತಿತ್ತು. ದ್ವೀಪದ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು ನಾನೊಬ್ಬಳೇ ಆದ್ದರಿಂದ ಅವರು ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ತಂದರು.

"ನೋಡಮ್ಮ ಹಿಂಗಾನೊ, ಇದಕ್ಕೇನು ಬಂದಿದೆ? ನಮ್ಮ ಯಜಮಾನರು ಸಭೆಯವರ ಪಾಪ ಅಂತಾರೆ. ನಾನು ಅಂಗಡಿಯವನು ಕೊಟ್ಟ ಪುಡಿ ಸರಿಯಿಲ್ಲ ಅಂತೀನಿ."

ಬಟ್ಟಲನ್ನು ಬೆಳಕಿಗೆ ಹಿಡಿದು ಉಗುರಿನಿಂದ ಕೆರೆದೆ. "ಪಾಪಾನೂ ಅಲ್ಲ, ಪುಡೀನೂ ಅಲ್ಲ. ಗಾಳೀಲಿ ಗಂಧಕ ಇದೆ. ಬೆಳ್ಳಿಗೆ ಅದು ತಾಗಿದ್ರೆ ಹೀಗೇ ಕಪ್ಪಾಗೋದು."

"ಇಲ್ಲಿ ಗಂಧಕ ಎಲ್ಲಿಂದ ಬಂತು?"

ಇಬ್ಬರೂ ಪಡುವಣಕ್ಕೆ ನೋಡಿದೆವು. ಕಡಲಿನ ಗೆರೆಯ ಮೇಲೆ ಬೆಂಕಿಬೆಟ್ಟದ ತುದಿ ಕಾಣುತ್ತಿತ್ತು. ಅದರ ಮೇಲೆ ಒಲೆಯ ಹೊಗೆಯಷ್ಟೇ ತೆಳುವಾದ ಒಂದು ಎಳೆ.

"ಅದು ನಮ್ಮಜ್ಜಿ ಕಾಲದಿಂದ ಹೊಗೆ ಬಿಡ್ತಿದೆ," ಎಂದಳು ಅಕೋಸಿತಾ ಅಕ್ಕ, ಕಿಟಕಿಯ ಒಳಗಿನಿಂದ. "ಮುದುಕಪ್ಪ ಹೊಗೆಸೊಪ್ಪು ಸೇದ್ತಾ ಕೂತಿದಾನೆ. ಸೇದ್ಲಿ ಬಿಡಿ. ಕೆಮ್ಮಿದಾಗ ನೋಡೋಣ."

ಪಾದ್ರಮ್ಮ ನಕ್ಕರು. ನನಗೆ ನಗು ಬರಲಿಲ್ಲ. ಆ ವಾರವೆಲ್ಲ ದಡಕ್ಕೆ ತೇಲುಗಲ್ಲುಗಳು ಬಂದು ಬೀಳುತ್ತಿದ್ದವು. ಬೂದು ಬಣ್ಣದ, ಹಗುರವಾದ, ತೂತುತೂತಾದ ಕಲ್ಲುಗಳು. ಮಕ್ಕಳು ಅವನ್ನು ಆರಿಸಿ ತಂದು ಹಿಮ್ಮಡಿ ತಿಕ್ಕಿಕೊಳ್ಳುತ್ತಿದ್ದರು.

ಅಕೋಸಿತಾ ನನ್ನ ಗಂಡ ಮನಾಸೆಯ ಅಕ್ಕ. ಮದುವೆಯಾಗದೆ ಉಳಿದವಳು. ನಮ್ಮ ಟೋಂಗಾದಲ್ಲಿ ಮನೆಯ ಯಜಮಾನ ಗಂಡಸೇ ಇರಬಹುದು, ಆದರೆ ಅಕ್ಕನ ಮಾತಿನ ಮೇಲೆ ಅವನ ಮಾತು ನಡೆಯುವುದಿಲ್ಲ. ಅವನ ಮಕ್ಕಳಿಗಂತೂ ಅತ್ತೆಗಿಂತ ದೊಡ್ಡವರು ದೇವರೊಬ್ಬನೇ. ನಾನು ಬಸುರಿಯಾಗಿದ್ದಾಗ, ಮಗುವಿಗೆ ಅತ್ತೆಯಾಗುವವಳ ಮನಸ್ಸು ನೋಯಿಸಬೇಡ, ಹೆರಿಗೆ ಕಷ್ಟವಾಗುತ್ತದೆ ಎಂದು ನನ್ನ ತಾಯಿ ಹೇಳಿಕಳಿಸಿದ್ದಳು. ಪದವಿ ಓದಿ ಬಂದವಳು ನಾನು, ಅದನ್ನು ನಂಬಲಿಲ್ಲ. ಆದರೂ ಆ ತಿಂಗಳುಗಳಲ್ಲಿ ಅಕ್ಕನಿಗೆ ಎದುರಾಡಲಿಲ್ಲ.

ಇನ್ನೊಂದು ಕಟ್ಟು ಇದಕ್ಕಿಂತ ಬಿಗಿಯಾದದ್ದು. ದೊಡ್ಡವನಾದ ತಮ್ಮ ಅಕ್ಕನ ಕೋಣೆಯ ಹೊಸಿಲು ದಾಟುವುದಿಲ್ಲ. ಅವಳ ಹಾಸಿಗೆ, ಬಟ್ಟೆ, ಮೈ ಯಾವುದರ ಬಗ್ಗೆಯೂ ಬಾಯಿ ತೆರೆಯುವುದಿಲ್ಲ. ಮನಾಸೆ ಮತ್ತು ಅಕ್ಕ ಒಂದೇ ಸೂರಿನಡಿ ಇದ್ದರೂ ಮಾತೆಲ್ಲ ನನ್ನ ಮೂಲಕ ಹೋಗುತ್ತಿತ್ತು. "ಉಪ್ಪು ಜಾಸ್ತಿಯಾಗಿದೆ ಅಂತ ಹೇಳು" ಎಂದು ಅಕ್ಕ ಅಂದರೆ, ಎರಡು ಮಾರು ದೂರದಲ್ಲಿ ಕೂತ ಮನಾಸೆಗೆ ನಾನು ಅದನ್ನು ಹೇಳಬೇಕು.

ಅಕ್ಕನ ಕೋಣೆ ಮನೆಯ ಹಿಂಭಾಗದಲ್ಲಿತ್ತು. ಅದರ ತುಂಬ ಕೊಲೋವ. ಕೇದಗೆ ಗರಿಯ ನಯವಾದ ಚಾಪೆಗಳು, ಚರ್ಚಿಗೆ ಹೋಗುವಾಗ ಬಟ್ಟೆಯ ಮೇಲೆ ಸೊಂಟಕ್ಕೆ ಸುತ್ತುವ ಚಾಪೆಗಳು, ಮರದ ತೊಗಟೆಯನ್ನು ಬಡಿದು ಬಡಿದು ತೆಳುವಾಗಿಸಿ ಕಂದು ಕಪ್ಪು ಚಿತ್ತಾರ ಬರೆದ ನಾರುಬಟ್ಟೆಯ ಸುರುಳಿಗಳು. ಹುಟ್ಟಿದ ಮಗುವನ್ನು ಇದರಲ್ಲಿ ಸುತ್ತುತ್ತೇವೆ, ಮದುಮಗಳನ್ನು ಸುತ್ತುತ್ತೇವೆ, ಹೆಣವನ್ನೂ ಸುತ್ತುತ್ತೇವೆ. ಅಕ್ಕ ಅವುಗಳ ಮೇಲೆಯೇ ಮಲಗುತ್ತಿದ್ದಳು. ನನ್ನ ಆರು ವರ್ಷದ ಮಗಳು ಸೆನೋ ಅವಳ ಮಗ್ಗುಲಲ್ಲಿ. ರಾಶಿ ವರ್ಷವರ್ಷಕ್ಕೆ ಏರಿ ಕಂಬಿ ಹಾಕಿದ ಕಿಟಕಿಯ ಅಂಚಿಗೆ, ಹಿಂಗೋಡೆಯ ಬದಿಯಲ್ಲಿ ಅದಕ್ಕೂ ಮೇಲಕ್ಕೆ ಬಂದಿತ್ತು.

ಆ ರಾಶಿಯ ಹಿಂದೆ ಒಂದು ಬಾಗಿಲಿತ್ತು.

ಮನೆ ಕಟ್ಟುವಾಗ ಮನಾಸೆಯೇ ಇಟ್ಟದ್ದು, ಒಳಕ್ಕೆ ತೆರೆಯುವ ಹಾಗೆ. ಮನೆಯ ಮುಂಬಾಗಿಲು ಕಡಲಿಗೆ ತೆರೆಯುತ್ತದೆ. ಎಡಕ್ಕೆ ಸಿಮೆಂಟಿನ ನೀರಿನ ತೊಟ್ಟಿ, ಬಲಕ್ಕೆ ಹಂದಿದೊಡ್ಡಿಯ ಗೋಡೆ. ಹಿಂದೆ ಸ್ಮಶಾನದ ದಿಬ್ಬಕ್ಕೆ ಹತ್ತುವ ಕಾಲುದಾರಿ. ನಮ್ಮ ದ್ವೀಪದಲ್ಲಿ ಅದಕ್ಕಿಂತ ಎತ್ತರದ ನೆಲ ಇಲ್ಲ. ಹಿತ್ತಿಲ ಬಾಗಿಲಿನಿಂದ ಹೊರಟರೆ ಮಗುವೂ ಓಡಿ ದಿಬ್ಬ ಹತ್ತಬಹುದು. ಮುಂಬಾಗಿಲಿನಿಂದ ಹೊರಟರೆ ಮೊದಲು ಕಡಲಿನ ಕಡೆಗೇ ಇಳಿದು, ದಡದ ರಸ್ತೆ ಹಿಡಿದು, ಸುತ್ತಿ ಬರಬೇಕು. ಬೆಳ್ಳಿಯ ಬಟ್ಟಲು ನೋಡಿದ ದಿನದಿಂದ ನನಗೆ ಬೇರೆ ಯೋಚನೆ ಇರಲಿಲ್ಲ. ಕಡಲು ಎದ್ದರೆ ಸೆನೋ ಮಲಗಿರುವುದು ಆ ಕೋಣೆಯಲ್ಲಿ, ದಾರಿ ಇರುವುದು ಆ ಬಾಗಿಲಲ್ಲಿ, ಮತ್ತು ಬಾಗಿಲು ಚಾಪೆಗಳ ಹಿಂದೆ.

ಮನಾಸೆಗೆ ಹೇಳಿದೆ. ಅವನು ಹಾರೆಗೆ ಕಾವು ಬಡಿಯುತ್ತಿದ್ದ.

"ಅದು ಅಕ್ಕನ ಕೋಣೆ," ಅಂದ.

"ಬಾಗಿಲು ಇಟ್ಟವನು ನೀನೇ ಅಲ್ವಾ?"

"ಇಟ್ಟೆ. ಅವಳು ಆ ಕೋಣೆಗೆ ಬಂದ ಮೇಲೆ ಅದರ ಒಳಮುಖ ನಾನು ನೋಡಿಲ್ಲ. ಬಣ್ಣ ಹೊಡೆದಿದ್ದೆ, ಹಸಿರು. ಈಗ್ಲೂ ಹಸಿರೇ ಇದೆಯಾ?"

"ಕಂಡ್ರೆ ತಾನೇ ಹೇಳೋದು."

"ನೀನೇ ಕೇಳು ಅವಳನ್ನ. ನಾನು ಕೇಳೋ ಹಾಗಿಲ್ಲ. ಹಾಸಿಗೆ ಸರಿಸು ಅಂತ ತಮ್ಮ ಅಕ್ಕಂಗೆ ಹೇಳೋದುಂಟಾ?"

ಆ ಭಾನುವಾರ ಪಾದ್ರಿಗಳು ಸಂಪತ್ತಿನ ಬಗ್ಗೆ ಕರ್ತನು ಹೇಳಿದ ಮಾತನ್ನು ಓದಿದರು. ಹುಳು ತಿನ್ನುವ ಸಂಪತ್ತು, ಹುಳು ತಿನ್ನದ ಸಂಪತ್ತು. ನಮ್ಮ ಭಾಷೆಯ ಬೈಬಲಿನಲ್ಲಿ ಸಂಪತ್ತು ಎನ್ನುವ ಕಡೆಯೆಲ್ಲ ಇರುವ ಪದ ಕೊಲೋವ. ಬೇರೆ ದೇಶದವರು ಅದನ್ನು ಓದಿದಾಗ ಅವರ ಕಣ್ಣ ಮುಂದೆ ಚಿನ್ನವೋ ಧಾನ್ಯವೋ ಬರಬಹುದು. ನಮಗೆ ಬಂದದ್ದು ನಮ್ಮ ಹಾಸಿಗೆಗಳ ಕೆಳಗಿನ ಚಾಪೆ. ಹೆಂಗಸರ ಸಾಲು ಒಟ್ಟಾಗಿ ತಮ್ಮ ಸೊಂಟದ ಕಡೆಗೆ ಕಣ್ಣು ತಗ್ಗಿಸಿತು.

ಪ್ರಸಂಗವಾದ ಮೇಲೆ ಪಾದ್ರಮ್ಮ ಎದ್ದು ನಿಂತರು. ಹಿಂದಿನ ಚಂಡಮಾರುತದಲ್ಲಿ ಬಡಗಣ ದ್ವೀಪದವರು ಮಲಗುವ ಚಾಪೆಯನ್ನೂ ಕಳೆದುಕೊಂಡಿದ್ದರು. ಪ್ರತಿ ಮನೆಯವರೂ ಒಂದು ಮೂಲೆಯನ್ನಾದರೂ ಖಾಲಿ ಮಾಡಿ ಅವರಿಗೆ ಕಳಿಸಬೇಕೆಂದು ಕೇಳಿದರು. "ಒಂದೊಂದನ್ನೂ ಎತ್ತಿ ಹಿಡೀರಿ," ಎಂದರು. "ಕರ್ತನು ಇವತ್ತೇ ಕರೆದರೆ ಇದು ನನ್ನ ಕೈಗೆ ಬರುತ್ತಾ, ಇಲ್ಲ ಕಾಲಿಗೆ ಸಿಕ್ಕಿ ತಡೆಯುತ್ತಾ ಅಂತ ಕೇಳ್ಕೊಳ್ಳಿ. ಬೇರೆ ಏನೂ ಕೇಳ್ಬೇಡಿ."

ಅದೇ ದಿನ, ಕಡಲು ಕೆಟ್ಟರೆ ಊರಿಗೆ ಹೇಗೆ ತಿಳಿಸುವುದೆಂಬ ಮಾತೂ ಬಂತು. ಚರ್ಚಿನ ಮುಂದಿನ ದೀವಿಹಲಸಿನ ಮರಕ್ಕೆ ಗಂಟೆಯಾಗಿ ನೇತುಹಾಕಿದ ಹಳೆಯ ಗ್ಯಾಸ್ ಸಿಲಿಂಡರನ್ನು ಬಡಿಯೋಣ, ದ್ವೀಪದ ಮೂಲೆಮೂಲೆಗೂ ಕೇಳುತ್ತದೆ ಎಂದೆ ನಾನು. ಸದ್ದು ಎಷ್ಟು ದೂರ ಹೋಗುತ್ತದೆಂದು ದಡದ ಎರಡೂ ತುದಿಯಲ್ಲಿ ಮಕ್ಕಳನ್ನು ನಿಲ್ಲಿಸಿ ಪರೀಕ್ಷೆಯನ್ನೂ ಮಾಡಿದೆ. ಎಲ್ಲರಿಗೂ ಒಪ್ಪಿಗೆಯಾಯಿತು.

ಮನೆಗೆ ಬಂದ ಅಕ್ಕ ಸೊಂಟದ ಚಾಪೆ ಬಿಚ್ಚುತ್ತಾ ಹೇಳಿದಳು: "ಪಾದ್ರಮ್ಮ ಪಟ್ಟಣದ ಹುಡುಗಿ. ಅವಳ ಹತ್ರ ಕೊಲೋವ ಎಲ್ಲಿದೆ ಕೊಡೋಕೆ? ಖಾಲಿ ಕೈಯವರಿಗೆ ಕೊಡು ಅನ್ನೋದು ಬಹಳ ಸುಲಭ."

ನಾನು ನನ್ನಿಂದಲೇ ಶುರು ಮಾಡಿದೆ. ಕಾಲೇಜಿನಿಂದ ತಂದ ಪೆಟ್ಟಿಗೆ ಇತ್ತು. ಹಳೆಯ ಪಠ್ಯಗಳು, ಕಲ್ಲಿನ ತುಂಡುಗಳು, ಪದವಿಯ ದಿನ ತೊಟ್ಟ ಕರಿ ನಿಲುವಂಗಿ, ಕೈತಪ್ಪಿ ಬಿರುಕು ಬಿಟ್ಟ ಗಾಜಿನ ಕೊಳವೆಗಳು. ಎಲ್ಲವನ್ನೂ ಅಂಗಳದಲ್ಲಿ ಹರಡಿ, ಬೇಕಾದದ್ದು ಬೇಡದ್ದು ಮಾಡಿ, ಸಂಜೆಯೊಳಗೆ ಪೆಟ್ಟಿಗೆ ಖಾಲಿ ಮಾಡಿದೆ. ಮನಸ್ಸು ಹಗುರವಾಗಿತ್ತು. ಅಕ್ಕ ಮೆಟ್ಟಿಲ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಾ ನೋಡುತ್ತಿದ್ದಳು.

"ಮುಗೀತಾ ನಿನ್ನ ತ್ಯಾಗ?"

"ಮುಗೀತು ಅಕ್ಕ."

"ನಿಂಗೆ ಬೇಡವಾಗಿದ್ದನ್ನ ನೀನು ಬಿಸಾಕಿದೆ. ಅದಕ್ಕೆ ಇಷ್ಟು ಮುಖ ಅರಳಿಸಬೇಕಾ? ಬಿಡಬೇಕಾದ್ದು ಅಂದ್ರೆ, ಬಿಟ್ಟರೆ ನೀನು ಯಾರು ಅನ್ನೋದೇ ಗೊತ್ತಾಗಬಾರದು. ಅಂಥದ್ದು ಏನಿದೆ ನಿನ್ನ ಹತ್ರ?"

ಆ ಮಾತು ಸರಿಯಿತ್ತು. ನನಗೆ ಅಂಥದ್ದು ಇದ್ದದ್ದು ಸೆನೋ ಒಬ್ಬಳೇ.

"ಅಕ್ಕ, ಆ ಬಾಗಿಲು," ಎಂದೆ. "ಸೆನೋಗೋಸ್ಕರ."

ಅಕ್ಕ ತುರಿಯುವುದನ್ನು ನಿಲ್ಲಿಸಿ ಪಡುವಣಕ್ಕೆ ನೋಡಿದಳು. ಹೊಗೆಯ ಎಳೆ ಈಗ ತೋಳಿನಷ್ಟು ದಪ್ಪವಾಗಿತ್ತು.

"ನಾಳೆ ಬಾ," ಎಂದಳು ಕೊನೆಗೆ. "ನೀನೊಬ್ಬಳೇ. ಮಗೂನ ಪಕ್ಕದ ಮನೆಗೆ ಕಳ್ಸು."

ಮರುದಿನ ಕೋಣೆಯ ಕಿಟಕಿಗೆ ಬಟ್ಟೆ ಕಟ್ಟಿ ಕೆಲಸಕ್ಕೆ ಕೂತೆವು. ಅಕ್ಕ ಒಂದೊಂದು ಸುರುಳಿಯನ್ನೂ ಮಗುವಿನ ಬೆನ್ನು ತಟ್ಟುವ ಹಾಗೆ ತಟ್ಟಿ ಎತ್ತಿ ಕೊಡುತ್ತಿದ್ದಳು. ಇದು ಸೆನೋ ಮದುವೆಗೆ. ಇದು ಪಾದ್ರಿಗಳು ಸತ್ತರೆ. ಇದು ಮೇಲ್ಬೀದಿಯ ಮುದುಕಿಗೆ, ಅವಳು ಸಾಯುವ ಅಂದಾಜೇ ಕಾಣುವುದಿಲ್ಲ, ನಮ್ಮೆಲ್ಲರನ್ನೂ ಕಳಿಸಿಯೇ ಹೋಗುವವಳು. ಕಪ್ಪು ಅಂಚಿನ ಒಂದು ದೊಡ್ಡ ನಾರುಬಟ್ಟೆಯನ್ನು ಮಾತ್ರ ಕೆಳಗಿಡದೆ ತೊಡೆಯ ಮೇಲಿಟ್ಟುಕೊಂಡಳು.

"ಇದು ನಂಗೆ. ನನ್ನ ಕೈಯಾರೆ ಬಡಿದಿದ್ದು. ಇದರಲ್ಲಿ ಸುತ್ತಿ ನನ್ನನ್ನ ಮಣ್ಣಿಗೆ ಹಾಕು. ಬೇರೆಯವರ ಬಟ್ಟೇಲಿ ನನ್ನ ಕಳಿಸಬೇಡ. ಗಂಡ ಇಲ್ಲ, ಮಕ್ಕಳಿಲ್ಲ. ಸತ್ತಾಗ ನೋಡೋಕೆ ಬಂದವರು ಇದನ್ನಾದ್ರೂ ನೋಡಲಿ."

"ಅಷ್ಟು ಬೇಗ ಯಾಕೆ ಅಕ್ಕ ಆ ಮಾತು?"

"ಗಂಧಕ ಗಂಧಕ ಅಂತ ನೀನೇ ತಾನೇ ಊರೆಲ್ಲ ಹೇಳ್ಕೊಂಡು ಬಂದಿದ್ದು?"

ಅರ್ಧ ರಾಶಿ ಇಳಿದಿತ್ತು. ಆಗ ವಾಸನೆ ಬಂತು. ಗಂಧಕದ್ದಲ್ಲ, ಒದ್ದೆ ನೆಲದಲ್ಲಿ ಬಹಳ ಕಾಲ ಮುಚ್ಚಿಟ್ಟ ವಸ್ತುವಿನದು. ಅಕ್ಕ ಮುಂದಿನ ಚಾಪೆಯನ್ನು ಎತ್ತಿದಳು. ಅದರ ನಡುಭಾಗ ಅವಳ ಕೈಗೆ ಬಂತು, ಅಂಚುಗಳು ಕೆಳಗೇ ಉಳಿದವು. ಅದರ ಕೆಳಗಿನದು ಕಪ್ಪಗಿತ್ತು. ಅದರ ಕೆಳಗೆ ಚಾಪೆಯೆಂದು ಹೇಳಬಹುದಾದದ್ದು ಏನೂ ಇರಲಿಲ್ಲ. ಬೂಷ್ಟು, ಇಲಿಯ ಗೂಡು, ಹಳೆಯ ಚಿತ್ತಾರದ ಒಂದೆರಡು ಗೆರೆ. ಬಾಗಿಲಿನ ಸಂದಿಯಿಂದ ವರ್ಷಗಟ್ಟಲೆ ಮಳೆನೀರು ಇಳಿದಿತ್ತು. ಯಾರೂ ಬಿಸಿಲಿಗೆ ಹಾಕಿರಲಿಲ್ಲ. ಬಿಸಿಲಿಗೆ ಹಾಕಬೇಕಾದರೆ ಯಾರಾದರೂ ಒಳಗೆ ಬರಬೇಕಿತ್ತು, ಅಕ್ಕ ಯಾರನ್ನೂ ಬಿಟ್ಟಿರಲಿಲ್ಲ.

ತಳದಲ್ಲಿದ್ದವು ಅವಳ ತಾಯಿಯವು.

ಅಕ್ಕ ತುಂಡುಗಳನ್ನು ಒಂದಕ್ಕೊಂದು ಜೋಡಿಸುವವಳ ಹಾಗೆ ಸ್ವಲ್ಪ ಹೊತ್ತು ಕೂತಿದ್ದಳು. ಆಮೇಲೆ ಎದ್ದು, ಬಾಗಿಲಿಗೆ ಒತ್ತಿಕೊಂಡಿದ್ದ ಆ ಕೊಳೆತ ರಾಶಿಯ ಮೇಲೆ ಒಳ್ಳೆಯ ಸುರುಳಿಗಳನ್ನು ಒಂದೊಂದಾಗಿ ತಿರುಗಿ ಪೇರಿಸತೊಡಗಿದಳು.

"ಅಕ್ಕ, ಏನು ಮಾಡ್ತಿದ್ದೀರಿ? ಅದನ್ನ ಹೊರಗೆ ಹಾಕಿದ್ರೆ ಬಾಗಿಲು ಕಾಣುತ್ತೆ."

"ಹೊರಗೆ ಹಾಕಿದ್ರೆ ಊರು ನೋಡುತ್ತೆ."

"ನೋಡಲಿ."

"ನೀನು ಹೇಳ್ತೀಯ ನೋಡಲಿ ಅಂತ." ಅಕ್ಕನ ದನಿ ಏರಲಿಲ್ಲ. "ಮದುವೆ ಮನೇಲಿ, ಸಾವಿನ ಮನೇಲಿ, ಮೊದಲ ಸಾಲಲ್ಲಿ ನನ್ನ ಕೂರಿಸ್ತಾರೆ. ಯಾಕೆ? ಅಕೋಸಿತಾ ಕೋಣೆ ತುಂಬಿದೆ ಅಂತ. ತುಂಬಿದೆ ಅಂತಲೇ ಇರಲಿ. ಯಾರಿಗೂ ಹೇಳಬೇಡ. ಅವನಿಗಂತೂ ಹೇಳಲೇಬೇಡ."

ಅವನು ಎಂದರೆ ಮನಾಸೆ. ಹೇಳುವುದಿಲ್ಲ ಎಂದೆ. ಆ ಸಂಜೆ ಸೆನೋಳನ್ನು ನನ್ನ ಮಗ್ಗುಲಲ್ಲಿ ಮಲಗಿಸಿಕೊಳ್ಳಲು ನೋಡಿದೆ. ಅವಳು ಕತ್ತಲಾದ ಕೂಡಲೇ ಚಾಪೆ ಎಳೆದುಕೊಂಡು ಅತ್ತೆಯ ಕೋಣೆಗೇ ಹೋದಳು.

ಮುಂದಿನ ದಿನಗಳಲ್ಲಿ ಬೆಳ್ಳಿ ಬಟ್ಟಲು ತಿಕ್ಕಿದರೂ ಬಿಳುಪಾಗಲಿಲ್ಲ. ಮೀನುಗಾರರು ಪಡುವಣ ದಂಡೆಯ ಬಳಿ ನೀರು ಹಾಲಿನ ಬಣ್ಣಕ್ಕೆ ತಿರುಗಿದೆ ಎಂದರು. ರೇಡಿಯೋದಲ್ಲಿ ಎಚ್ಚರದಿಂದಿರಿ ಎನ್ನುತ್ತಿದ್ದರು, ಎಚ್ಚರದಿಂದ ಏನು ಮಾಡಬೇಕೆಂದು ಹೇಳುತ್ತಿರಲಿಲ್ಲ. ನಾಯಿಗಳು ದಡ ಬಿಟ್ಟು ಸ್ಮಶಾನದ ಗೋರಿಗಳ ನಡುವೆ ಮಲಗತೊಡಗಿದವು. ಮನೆಯ ಮಹಡಿಯ ಮೇಲಿರುವವನು ಸಾಮಾನು ತೆಗೆದುಕೊಳ್ಳಲು ಕೆಳಗಿಳಿಯಬಾರದು ಎಂದು ಕರ್ತನು ಹೇಳಿದ್ದು ನನಗೆ ಪದೇ ಪದೇ ನೆನಪಾಗುತ್ತಿತ್ತು. ಓದುವಾಗಲೆಲ್ಲ ಅದು ಬೇರೆ ಕಾಲದ, ಬೇರೆ ಊರಿನ ಮಾತು ಅನ್ನಿಸಿತ್ತು.

ಶನಿವಾರ ಮಧ್ಯಾಹ್ನ ಊರೆಲ್ಲ ಭಾನುವಾರದ ಅಡುಗೆ ಬೇಯಿಸುವ ನೆಲದೊಲೆಗೆ ಅಣಿ ಮಾಡುತ್ತಿತ್ತು. ನಾನು ದಡದ ರಸ್ತೆಯಲ್ಲಿ ಕೆಸುವಿನೆಲೆಯ ಕಟ್ಟು ಹಿಡಿದು ಬರುತ್ತಿದ್ದೆ. ಸದ್ದು ಕಿವಿಗೆ ಬರುವ ಮೊದಲು ಎದೆಗೆ ಬಂತು. ಮನೆಗಳ ಕಿಟಕಿಗಾಜುಗಳು ಒಟ್ಟಿಗೆ ಅದುರಿದವು. ಪಡುವಣದಲ್ಲಿ ಬೂದು ಬಣ್ಣದ ಒಂದು ಮರ ನೆಟ್ಟಗೆ ಬೆಳೆದು, ಆಕಾಶ ಮುಟ್ಟಿ, ಕೊಡೆಯ ಹಾಗೆ ಹರಡತೊಡಗಿತು. ಕಡಲಿನ ಕಡೆ ನೋಡಿದೆ. ಅಲೆ ಇರಲಿಲ್ಲ. ನೀರು ಸದ್ದಿಲ್ಲದೆ ಹಿಂದೆ ಸರಿಯುತ್ತಿತ್ತು. ಎಂದೂ ಬಿಸಿಲು ಕಾಣದ ಹವಳದ ದಿಬ್ಬಗಳು ಹೊಳೆಯುತ್ತಾ ಮೇಲೆದ್ದವು.

ಯಾರೋ ಸಿಲಿಂಡರ್ ಬಡಿದರು. ಒಪ್ಪಂದವಾದಂತೆಯೇ ಬಡಿದರು, ಜೋರಾಗಿ, ನಿಲ್ಲಿಸದೆ. ಊರಿನ ಮೂಲೆಮೂಲೆಗೂ ಕೇಳಿತು.

ನಾನು ದಿಬ್ಬದ ಕಡೆ ಓಡುವ ಜನರನ್ನು ಕಾಣುತ್ತೇನೆಂದುಕೊಂಡೆ. ರಸ್ತೆ ಖಾಲಿಯಿತ್ತು. ಅಂಗಳದಲ್ಲಿದ್ದವರೂ ಮನೆಯೊಳಗೆ ಹೋಗುತ್ತಿದ್ದರು. ಮೊದಲ ಮನೆಯ ತೆರೆದ ಬಾಗಿಲಲ್ಲಿ ಒಬ್ಬ ಗಂಡಸು ನಿಂತು, ಕಡಲನ್ನು ನೋಡುತ್ತಲೇ, ಸೊಂಟಕ್ಕೆ ಚಾಪೆ ಸುತ್ತಿಕೊಂಡು ಹುರಿ ಬಿಗಿಯುತ್ತಿದ್ದ. ಎರಡನೆಯ ಮನೆಯಲ್ಲಿ ತಾಯಿ ಮಕ್ಕಳಿಗೆ ಸುತ್ತುತ್ತಿದ್ದಳು. ಆಗ ಹೊಳೆಯಿತು. ಹುಟ್ಟಿದಂದಿನಿಂದ ಆ ಸದ್ದಿಗೆ ನಮಗೆ ಇರುವ ಅರ್ಥ ಒಂದೇ: ದೇವರ ಮುಂದೆ ಬಾ. ದೇವರ ಮುಂದೆ ಬರಿ ಸೊಂಟದಲ್ಲಿ ಯಾರೂ ಬರುವುದಿಲ್ಲ. ಸದ್ದು ಎಷ್ಟು ದೂರ ಹೋಗುತ್ತದೆಂದು ಅಳೆದವಳಿಗೆ, ಕೇಳಿದವರ ಕೈ ಎಲ್ಲಿಗೆ ಹೋಗುತ್ತದೆಂಬ ಯೋಚನೆ ಬಂದಿರಲಿಲ್ಲ. ನನ್ನ ಕೈಯೂ ಆಗಲೇ ನನ್ನ ಸೊಂಟದ ಮೇಲಿತ್ತು.

"ಚಾಪೆ ಬಿಡಿ, ದಿಬ್ಬಕ್ಕೆ ಓಡಿ," ಎಂದು ಕೂಗುತ್ತಾ ಓಡಿದೆ. ಕೆಲವರು ಓಡಿದರು. ಕೆಲವರು ನನ್ನನ್ನು ನೋಡಿ ತಲೆಯಾಡಿಸಿ ಗಂಟು ಹಾಕುವುದನ್ನು ಮುಂದುವರಿಸಿದರು.

ಮನೆಯಲ್ಲಿ ಅಕ್ಕ ತನ್ನ ಕೋಣೆಯಲ್ಲಿದ್ದಳು. ಒಳ್ಳೆಯ ಚಾಪೆಯನ್ನು ಆಗಲೇ ಕಟ್ಟಿಕೊಂಡಿದ್ದಳು. ಸೆನೋ ಎರಡು ಕೈ ಮೇಲೆತ್ತಿ ನಿಂತಿದ್ದಳು, ಅಕ್ಕ ಅವಳಿಗೆ ಪುಟ್ಟದೊಂದನ್ನು ಸುತ್ತುತ್ತಿದ್ದಳು.

"ಅಮ್ಮ, ಇವತ್ತೇ ಭಾನುವಾರನಾ?" ಎಂದಳು ಸೆನೋ.

"ಅಕ್ಕ, ಬಿಡಿ ಅದನ್ನ. ಕಡಲು ಹಿಂದೆ ಹೋಗಿದೆ."

"ಜನರ ಮುಂದೆ ಹೀಗೇ ಬರಲಾ? ಒಂದು ಗಂಟು, ಅಷ್ಟೆ."

ಆ ಒಂದು ಗಂಟಿನ ಹೊತ್ತಿನಲ್ಲಿ ನೀರು ಬಂತು. ಮೊದಲ ಬಾರಿಗೆ ದೊಡ್ಡದಾಗಿ ಬರಲಿಲ್ಲ. ಅಂಗಳ ದಾಟಿ, ಮೆಟ್ಟಿಲು ಏರಿ, ಮುಂಬಾಗಿಲಿನಿಂದ ನೆಂಟರ ಹಾಗೆ ಒಳಗೆ ನಡೆದು ಬಂತು. ಮೊಣಕಾಲಿಗೆ ಏರಿತು. ಹೊರಗೆ ದಡದ ರಸ್ತೆ ಇರಲಿಲ್ಲ. ತೊಟ್ಟಿಗೂ ದೊಡ್ಡಿಗೂ ನಡುವೆ ಕಂದು ನೀರು ಮರದ ದಿಮ್ಮಿಗಳನ್ನು ತಿರುಗಿಸುತ್ತಿತ್ತು. ಮುಂದಿನಿಂದ ಹೋಗುವ ದಾರಿ ಮುಗಿದಿತ್ತು.

ಹಿತ್ತಿಲ ಬಾಗಿಲನ್ನು ಹೊರಗಿನಿಂದ ಯಾರೋ ಗುದ್ದಿದರು.

"ಹಿಂಗಾನೊ, ತೆಗಿ." ಮನಾಸೆ ದಿಬ್ಬದ ಮೇಲಿನ ಗೆಣಸಿನ ತೋಟದಿಂದ ಇಳಿದು ಬಂದಿದ್ದ.

"ಚಾಪೆ ಅಡ್ಡ ಇದೆ. ಹಾರೆ ಇದ್ರೆ ಒಡಿ."

ಹಾರೆ ಬೀಳಲಿಲ್ಲ. "ಅಕ್ಕ ಒಳಗಿದ್ದಾಳಾ?"

"ಇದ್ದಾರೆ. ಸೆನೋನೂ ಇದ್ದಾಳೆ. ಒಡಿ ಮನಾಸೆ."

ಹೊರಗೆ ಅವನು ಉಸಿರಾಡುವುದು ನನಗೆ ಕೇಳುತ್ತಿತ್ತು. ಅವನಿಗೆ ಧೈರ್ಯ ಕಡಿಮೆಯಿರಲಿಲ್ಲ. ಆ ಹಲಗೆಯ ಈಚೆಗೆ ಅಕ್ಕನ ಹಾಸಿಗೆ ಇತ್ತು, ಅಷ್ಟೇ. ಬುದ್ಧಿ ಬಂದಾಗಿನಿಂದ ಕಾಲು ಕಲಿತದ್ದನ್ನು ಕಾಲು ಮರೆಯಲಾರದೆ ನಿಂತಿತ್ತು. ನೀರು ತೊಡೆಗೆ ಬಂತು.

ಅಕ್ಕ ನನ್ನ ಮುಖ ನೋಡಿದಳು. ಹೇಳು ಅವನಿಗೆ ಎನ್ನುತ್ತಾಳೆಂದುಕೊಂಡೆ. ಅವಳು ಬಾಗಿಲಿನ ಕಡೆ ತಿರುಗಿದಳು.

"ಮನಾಸೆ," ಎಂದಳು. "ಬಾಗಿಲು ಒಡಿ. ಒಳಗೆ ಬಾ."

ಅಕ್ಕ ಅವನ ಹೆಸರು ಹಿಡಿದು ಅವನನ್ನೇ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹಾರೆ ಬಿತ್ತು. ಮೇಲಿನ ಹಲಗೆ ಸೀಳಿತು. ಸೀಳಿನಲ್ಲಿ ಕಂಡದ್ದು ದಾರಿಯಲ್ಲ, ಸುರುಳಿಗಳ ಬೆನ್ನು. ಅಕ್ಕ ರಾಶಿಯ ಮೇಲೆ ಬಿದ್ದು ಎಳೆಯತೊಡಗಿದಳು. ಮದುವೆಯದು, ಪಾದ್ರಿಯದು, ಮೇಲ್ಬೀದಿಯ ಮುದುಕಿಯದು, ಎಲ್ಲವನ್ನೂ ಹಿಂದಕ್ಕೆ, ನೀರಿಗೆ ಎಸೆದಳು. ಕೆಳಗಿನ ಪದರಕ್ಕೆ ಬಂದಾಗ ಅವು ಅವಳ ಹಿಡಿಯಲ್ಲಿ ಹರಿದು ಹರಿದು ಬಂದವು. ಕಪ್ಪು ನೀರು ಅವಳ ತೋಳಿನಿಂದ ಇಳಿಯಿತು. ಮನಾಸೆ ಸೀಳಿನಲ್ಲಿ ಮುಖವಿಟ್ಟು ಎಲ್ಲವನ್ನೂ ನೋಡಿದ. ಅಕ್ಕ ಅವನು ನೋಡುವುದನ್ನು ನೋಡಿದಳು.

"ಕಾಲಿಗೆ ಸಿಗೋದು," ಎಂದಳು, ಯಾರಿಗೋ ಉತ್ತರ ಕೊಡುವವಳ ಹಾಗೆ. "ಎಲ್ಲಾ ಕಾಲಿಗೆ ಸಿಗೋದೇ."

ಆಮೇಲೆ ಗೂಟಕ್ಕೆ ನೇತುಹಾಕಿದ್ದ ಕಪ್ಪು ಅಂಚಿನ ನಾರುಬಟ್ಟೆಯನ್ನು ಎಳೆದುಕೊಂಡು, ಒಡೆದ ಹಲಗೆಯ ಮೊಳೆಗಳು ಚುಚ್ಚದಂತೆ ಸೆನೋಳನ್ನು ಅದರಲ್ಲಿ ಸುತ್ತಿ, ಸುರುಳಿಯನ್ನು ಕೊಡುವ ಹಾಗೆಯೇ ಸೀಳಿನ ಮೂಲಕ ತಮ್ಮನ ಕೈಗೆ ಕೊಟ್ಟಳು. ಆಮೇಲೆ ನಾನು ನುಸುಳಿ ಹೊರಬಂದೆ. ಅಕ್ಕ ದಪ್ಪ ಮೈಯವಳು. ಅರ್ಧ ಬಂದು ಸಿಕ್ಕಿಕೊಂಡಳು. ಅವಳ ಸೊಂಟದ ಚಾಪೆ ಮುರಿದ ಹಲಗೆಗೆ ಕಚ್ಚಿತ್ತು. ಒದ್ದೆ ಹುರಿಯ ಗಂಟು ಉಬ್ಬಿ ಬಿಚ್ಚಿಕೊಳ್ಳಲಿಲ್ಲ. ಅಕ್ಕ ಹುರಿಯನ್ನು ಉಗುರಿನಿಂದ ಬಿಡಿಸಲು ನೋಡಿ, ಆಗದೆ, ತಮ್ಮನ ಕಡೆ ಬೆನ್ನು ತಿರುಗಿಸಿದಳು.

"ಕತ್ತರಿಸು," ಎಂದಳು.

ಅವನು ಕಣ್ಣು ಬೇರೆ ಕಡೆ ಮಾಡಿ, ಹಾರೆಯ ಅಂಚಿನಿಂದ ಹುರಿಯನ್ನು ತುಂಡರಿಸಿದ. ಚಾಪೆ ಒಳಗೆ ಬಿತ್ತು. ಅವನು ಕೈ ಚಾಚಿದ. ಅಕ್ಕ ಆ ಕೈಯನ್ನು ಒಂದು ಕ್ಷಣ ನೋಡಿ, ಹಿಡಿದಳು.

ದಿಬ್ಬ ಹತ್ತುವಾಗ ನಮ್ಮ ಹಿಂದೆ ಎರಡನೆಯ ಅಲೆ ಬಂತು. ನಾವು ಯಾರೂ ತಿರುಗಲಿಲ್ಲ. ತಗಡು, ಮರ, ಸಿಮೆಂಟು ಒಟ್ಟಿಗೆ ಮುರಿಯುವ ಸದ್ದು ಕೇಳಿತು. ಅದರ ನಡುವೆ ಸಿಲಿಂಡರಿನ ಸದ್ದು ನಿಂತಿತು.

ಗೋರಿಗಳ ನಡುವೆ ಜನ ಗುಂಪಾಗಿ ಕೂತಿದ್ದರು. ಮೇಲ್ಬೀದಿಯವರು ಇದ್ದರು. ಕೆಳಬೀದಿಯವರಲ್ಲಿ ಕೆಲವರಿದ್ದರು. ಬಾಗಿಲಲ್ಲಿ ನಿಂತು ಹುರಿ ಬಿಗಿಯುತ್ತಿದ್ದ ಆ ಗಂಡಸನ್ನು ಹುಡುಕಿದೆ, ಕಾಣಲಿಲ್ಲ. ಮಕ್ಕಳಿಗೆ ಚಾಪೆ ಸುತ್ತುತ್ತಿದ್ದ ತಾಯಿಯನ್ನು ಹುಡುಕಿದೆ. ಪಾದ್ರಿಗಳು ಪ್ರಾರ್ಥನೆ ಶುರು ಮಾಡಿ, ಹೆಸರುಗಳನ್ನು ಹೇಳುತ್ತಾ ಹೋಗಿ, ನಡುವೆ ನಿಲ್ಲಿಸಿದರು.

ಅಕ್ಕ ಗುಂಪಿಗೆ ಬರಲಿಲ್ಲ. ಬರಿ ಸೊಂಟದಲ್ಲಿ ಒಂದು ಗೋರಿಯ ಹಿಂದೆ ಕೂತಳು. ಪಾದ್ರಮ್ಮ ಲೆಸಿಯೆಲಿ ಅದನ್ನು ನೋಡಿದರು. ತಮ್ಮ ಸೊಂಟದ ಚಾಪೆಯನ್ನು ಬಿಚ್ಚಿ ಮಡಚಿ ಪಕ್ಕಕ್ಕಿಟ್ಟು, ಹೋಗಿ ಅಕ್ಕನ ಹತ್ತಿರ ಕೂತರು.

"ಕೊಲೋವ ಎಲ್ಲಾ ಹೋಯ್ತಾ ಅಕೋಸಿತಾ?"

"ಮೊದಲೇ ಹೋಗಿತ್ತು," ಎಂದಳು ಅಕ್ಕ. "ಕೊಳೆತು ಹೋಗಿತ್ತು. ನಾನು ಕಾವಲು ಕಾಯ್ತಾ ಇದ್ದೆ."

ಆ ಮಾತು ಅನೇಕರಿಗೆ ಕೇಳಿಸಿತು. ಅಕ್ಕ ದನಿ ತಗ್ಗಿಸಿರಲಿಲ್ಲ.

ಆಮೇಲೆ ಬೂದಿ ಬೀಳಲು ಶುರುವಾಯಿತು. ಮೊದಲು ಸಣ್ಣ ಕಲ್ಲು, ಆಮೇಲೆ ಹಿಟ್ಟಿನಂಥದ್ದು. ಸಂಜೆಗೆ ಇನ್ನೂ ಹೊತ್ತಿದ್ದರೂ ಬೆಳಕು ಹಿಂಗಿಹೋಯಿತು. ಪಕ್ಕದಲ್ಲಿ ಕೂತವರ ಮುಖ ಕಾಣದಾಯಿತು. ಕೆಮ್ಮು ಮಾತ್ರ ಕೇಳುತ್ತಿತ್ತು. ಸೆನೋ ಕೆಮ್ಮತೊಡಗಿದಳು. ಅವಳ ಎದೆಯ ಮೇಲೆ ಕೈಯಿಟ್ಟೆ, ಪ್ರತಿ ಉಸಿರಿನ ತುದಿಯಲ್ಲೂ ಒಂದು ಗೀರು. ಅವಳು ಇನ್ನೂ ಆ ಕಪ್ಪು ಅಂಚಿನ ಬಟ್ಟೆಯೊಳಗೇ ಇದ್ದಳು. ಸಾವಿಗೆಂದು ಬಡಿದ ಬಟ್ಟೆಯಲ್ಲಿ ಬದುಕಿರುವ ಮಗುವನ್ನು ಯಾರೂ ಸುತ್ತುವುದಿಲ್ಲ. ಅದನ್ನು ತೆಗೆದುಹಾಕಬೇಕೆಂದು ನನ್ನ ಕೈ ಹೋಯಿತು. ನಂಬದವಳ ಕೈಯೇ ಹೋಯಿತು.

ಬೆರಳಿಗೆ ಬಟ್ಟೆಯ ಅಂಚು ಸಿಕ್ಕಿತು. ಮೈಗೆ ತಾಗಿದ ಭಾಗ ಬಿಟ್ಟರೆ ಒಣಗೇ ಇತ್ತು, ಎರಡು ಪದರ, ನಡುವೆ ಒತ್ತಾದ ನಾರು. ಒದ್ದೆಯಾದರೆ ಬಿಡಿಸಿಕೊಳ್ಳುತ್ತದೆ, ಆದರೆ ಒಣಗಿರುವಾಗ ಗಾಳಿ ಹೋಗುತ್ತದೆ, ಹಿಟ್ಟು ಹೋಗುವುದಿಲ್ಲ.

"ಅಕ್ಕ," ಎಂದೆ ಕತ್ತಲೆಗೆ. "ಇದನ್ನ ಹರಿದ್ರೆ ಬಾಯಿಗೆ ಮೂಗಿಗೆ ಕಟ್ಟಬಹುದು. ಎಲ್ಲರಿಗೂ ಆಗುತ್ತೆ. ಬೂದಿ ಒಳಗೆ ಹೋದ್ರೆ ಮಕ್ಕಳು ಉಳಿಯಲ್ಲ."

ಅಕ್ಕ ತಡಕಾಡಿಕೊಂಡು ಬರುವುದು ಕೇಳಿತು. ಬಟ್ಟೆಯನ್ನು ಸೆನೋಳ ಮೈಯಿಂದ ಬಿಚ್ಚಿ ತನ್ನ ತೊಡೆಯ ಮೇಲೆ ಹರಡಿಕೊಂಡಳು. ಎಷ್ಟೋ ತಿಂಗಳು ಬಡಿದು, ಅಂಟಿಸಿ, ಬಣ್ಣ ಹಾಕಿದ್ದು. ನಾನೇ ಹರಿಯಲೇ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಸದ್ದು ಕೇಳಿತು, ಉದ್ದನೆಯ, ಒಣಗಿದ, ಗರಗಸದಂಥ ಸದ್ದು.

ಮೊದಲ ಪಟ್ಟಿ ಸೆನೋಗೆ. ಆಮೇಲೆ ಕತ್ತಲಿನಲ್ಲಿ ಕೈಯಿಂದ ಕೈಗೆ ಪಟ್ಟಿಗಳು ಹೋದವು. ಕೆಮ್ಮು ಬಂದ ಕಡೆಗೆ ಅಕ್ಕ ಕೇಳುತ್ತಿದ್ದಳು: "ಯಾರದು ಅಲ್ಲಿ? ಸಿಕ್ತಾ?" ಮೇಲ್ಬೀದಿಯ ಮುದುಕಿಯ ದನಿ ಬಂತು: "ನಿನ್ನ ಸಾವಿನ ಬಟ್ಟೆ ನನ್ನ ಮೂತಿಗೆ ಬಂತಲ್ಲೇ ಅಕೋಸಿತಾ." "ಇಟ್ಕೋ," ಎಂದಳು ಅಕ್ಕ, "ನಿಂಗೆ ಅಂತ ಇಟ್ಟಿದ್ದು ನೀರಿಗೆ ಹೋಯ್ತು." ಎಲ್ಲೋ ಒಬ್ಬರು ನಕ್ಕು, ನಗು ಕೆಮ್ಮಾಯಿತು.

ಕೊನೆಗೆ ಉಳಿದದ್ದು ಕಪ್ಪು ಅಂಚಿನ ಪಟ್ಟಿ. ಅಕ್ಕ ಅದನ್ನು ಬಾಯಿಗೆ ಕಟ್ಟಿಕೊಳ್ಳಲಿಲ್ಲ. "ಅವನಿಗೆ ಸಿಕ್ಕಿಲ್ಲ," ಎಂದಳು. ಮನಾಸೆ ದಿಬ್ಬದ ಆಚೆ ಅಂಚಿನಲ್ಲಿ, ನಮ್ಮಿಂದ ದೂರವಾಗಿ ಹೋಗಿ ಕೂತಿದ್ದ. ಅಲ್ಲಿಂದ ಅವನ ಕೆಮ್ಮು ಕೇಳುತ್ತಿತ್ತು.

"ನೀವೇ ಕೊಡಿ ಅಕ್ಕ," ಎಂದೆ.

ಅಕ್ಕ ಎದ್ದು, ಗೋರಿಯಿಂದ ಗೋರಿಗೆ ಕೈಯಿಟ್ಟು ತಡವರಿಸುತ್ತಾ ಆ ಕಡೆ ಹೋದಳು. ಬರಿ ಸೊಂಟದಲ್ಲಿ, ಎಲ್ಲರ ನಡುವಿನಿಂದ. "ತಗೋ," ಎನ್ನುವುದು ಕೇಳಿತು. "ನಿಮಗೆ?" ಎಂದ ಅವನು. ಅವಳು ಏನು ಹೇಳಿದಳೋ ಕೇಳಲಿಲ್ಲ. ಅವಳ ಕೆಮ್ಮು ಕೇಳಿತು, ಮೊದಲಿಗಿಂತ ಆಳವಾಗಿ.

ನಾನು ಸೆನೋಳ ಉಸಿರನ್ನು ಆಲಿಸುತ್ತಾ ಕೂತೆ. ಗೀರು ಇನ್ನೂ ಇತ್ತು, ಹೆಚ್ಚಾಗಿರಲಿಲ್ಲ. ಕೆಳಗೆ, ಕಾಣದ ಕಡೆಯಲ್ಲಿ, ಕಲ್ಲುಗಳ ಮೇಲಿಂದ ನೀರು, ಅಲೆಗೆ ಮೊದಲಿನ ಹಾಗೆ, ಮತ್ತೆ ಹಿಂದಕ್ಕೆ ಸರಿಯತೊಡಗಿತ್ತು.